ಓಪನ್ ಸೋರ್ಸ್ ಬಗ್ಗೆ ಟಿಪ್ಪಣಿ ಬರೆಯಬೇಕಿದೆ: ಲೈಸೆನ್ಸ್ ದುಡ್ಡು ಉಳಿಯುತ್ತದೆ ಅನ್ನುವುದು ಬಿಟ್ಟರೆ ಬೇರೆ ಕಾರಣ ಇದೆಯಾ?

ಫೈಲ್ ಹೊತ್ತವ (ಪ್ರಶ್ನೆ)

ನಮಸ್ಕಾರ ಎಲ್ಲರಿಗೂ. ಸರ್ಕಾರಿ ಇಲಾಖೆಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ. ಆಫೀಸ್ ಸಾಫ್ಟ್‌ವೇರ್ ಮತ್ತು ಡೇಟಾಬೇಸ್, ಎರಡರ ಲೈಸೆನ್ಸ್ ನವೀಕರಣವೂ ಒಟ್ಟಿಗೆ ಬಂದು ಕೂತಿದೆ. ಮೊತ್ತ ನೋಡಿ ಮೇಲಧಿಕಾರಿಗಳು ಫೈಲಿನ ಅಂಚಿನಲ್ಲಿ ಒಂದು ಸಾಲು ಬರೆದು ವಾಪಸ್ ಕಳಿಸಿದರು: "ಓಪನ್ ಸೋರ್ಸ್ ಸಾಧ್ಯತೆ ಪರಿಶೀಲಿಸಿ ಟಿಪ್ಪಣಿ ಮಂಡಿಸಿ."

ಓಪನ್ ಸೋರ್ಸ್ ಅಂದರೆ ಒಳಗಿನ ಕೋಡ್ ಎಲ್ಲರಿಗೂ ಕಾಣುವ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸಾಫ್ಟ್‌ವೇರ್. ಮೊದಲ ಕರಡು ಬರೆದೆ. ಅದರಲ್ಲಿದ್ದದ್ದು ಒಂದೇ ವಾದ, ಲೈಸೆನ್ಸ್ ದುಡ್ಡು ಉಳಿಯುತ್ತದೆ. ಹಣಕಾಸು ವಿಭಾಗದವರು ಓದಿ ನಕ್ಕರು. "ಸಾಫ್ಟ್‌ವೇರ್ ಪುಕ್ಕಟೆ, ಒಪ್ಪಿದೆ. ಅದನ್ನು ನಡೆಸುವವರೂ ಪುಕ್ಕಟೆ ಬರ್ತಾರಾ?" ಅಂದರು. ನನ್ನ ಬಾಯಿ ಕಟ್ಟಿಹೋಯಿತು.

ದುಡ್ಡು ಬಿಟ್ಟು ಬೇರೆ ಕಾರಣ ಇದೆಯಾ? ಪರ, ವಿರೋಧ ಎರಡೂ ಹೇಳಿ. ಸುಮ್ನೆ "ಲಿನಕ್ಸ್‌ಗೆ ಜೈ" (ವಿಂಡೋಸ್ ಬದಲು ಹಾಕುವ ಓಪನ್ ಸೋರ್ಸ್ ವ್ಯವಸ್ಥೆ ಅದು) ಅನ್ನುವವರು ದಯವಿಟ್ಟು ಮುಂದೆ ಹೋಗಿ.

ಮೂಗು ತೂರಿಸುವವ

ಲಿನಕ್ಸ್‌ಗೆ ಜೈ.

ಟರ್ಮಿನಲ್ ತಿಮ್ಮ

ದುಡ್ಡಿನ ವಾದ ಯಾಕೆ ಬಿಡುತ್ತೀರಿ ಸರ್? ಅದೇ ಗಟ್ಟಿ ವಾದ. ಫ್ರಾನ್ಸ್‌ನ ಜಾಂಡರ್ಮರಿ ಪೊಲೀಸ್ ಪಡೆಯನ್ನು ನೋಡಿ. ಅವರು ಒಂದೇ ಏಟಿಗೆ ಎಲ್ಲ ಬದಲಾಯಿಸಲಿಲ್ಲ. 2005ರಲ್ಲಿ ಆಫೀಸ್ ಕೆಲಸಕ್ಕೆ ಓಪನ್‌ಆಫೀಸ್ ತಂದರು. 2006ರಲ್ಲಿ ಬ್ರೌಸರ್, ಮೇಲ್‌ಗೆ ಫೈರ್‌ಫಾಕ್ಸ್, ಥಂಡರ್‌ಬರ್ಡ್. ಸಿಬ್ಬಂದಿ ಇವಕ್ಕೆಲ್ಲ ಒಗ್ಗಿಕೊಂಡ ಮೇಲೆ 2008ರಿಂದ ಉಬುಂಟು ಅನ್ನುವ ಲಿನಕ್ಸ್. ತಮ್ಮ ಆವೃತ್ತಿಗೆ ಗೆಂಡ್‌ಬುಂಟು ಅಂತ ಹೆಸರನ್ನೂ ಇಟ್ಟರು. 2024ರ ಹೊತ್ತಿಗೆ ಒಂದು ಲಕ್ಷ ಚಿಲ್ಲರೆ ಕಂಪ್ಯೂಟರ್‌ಗಳು ಅದರಲ್ಲೇ ಓಡುತ್ತಿದ್ದವು, ಅಂದರೆ ಅವರ ಒಟ್ಟು ಯಂತ್ರಗಳಲ್ಲಿ ಶೇ 97. ಒಂದು ಕಂಪ್ಯೂಟರ್ ಇಟ್ಟುಕೊಳ್ಳುವ ಖರ್ಚು ಶೇ 40ರಷ್ಟು ಇಳಿದಿದೆ ಅಂತ 2013ರಲ್ಲೇ ಅವರ ಅಧಿಕಾರಿಗಳು ಹೇಳಿದ್ದರು. ಬರೀ ಲೈಸೆನ್ಸ್ ಅಲ್ಲ, ನಡೆಸುವ ಖರ್ಚೂ ಸೇರಿ.

ಇದನ್ನು ಓದಿ ನಗಲಿ ನೋಡೋಣ.

ಲೆಕ್ಕ ಪಕ್ಕಾ

ಓದಿದೆ, ನಗಲಿಲ್ಲ. ಆದರೂ ಲೆಕ್ಕ ಬರೆಯುವವನಾಗಿ ಒಂದು ಮಾತು. ಉಳಿತಾಯ ಅಂತ ಯಾರಾದರೂ ಅಂಕಿ ತಂದಿಟ್ಟರೆ ಮೊದಲು ಕೇಳಬೇಕಾದದ್ದು, ಯಾವುದಕ್ಕೆ ಹೋಲಿಸಿ ಉಳಿತಾಯ?

ಕೇರಳದ ಶಾಲೆಗಳನ್ನೇ ತಗೊಳ್ಳಿ. 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರ್‌ಗಳಿಗೆ ಹೊಸ ಲಿನಕ್ಸ್ ಹಾಕುತ್ತೇವೆ, 3000 ಕೋಟಿ ರೂಪಾಯಿ ಉಳಿಯುತ್ತದೆ ಅಂದರು. ಆ 3000 ಕೋಟಿ ಬಂದದ್ದು ಹೇಗೆ? ಇಲ್ಲದಿದ್ದರೆ ಒಂದೊಂದು ಯಂತ್ರಕ್ಕೂ ಒಂದೂವರೆ ಲಕ್ಷ ರೂಪಾಯಿಯ ಲೈಸೆನ್ಸ್ ಕೊಳ್ಳಬೇಕಾಗಿತ್ತು ಅಂತ ಹಿಡಿದು. ಶಾಲೆ ಮಕ್ಕಳ ಕಂಪ್ಯೂಟರ್‌ಗೆ ಅಷ್ಟು ಯಾರು ಕೊಡುತ್ತಿದ್ದರು ಹೇಳಿ? ಕೊಳ್ಳುವ ಯೋಚನೆಯೇ ಇಲ್ಲದ ಸಾಮಾನನ್ನು ಕೊಳ್ಳಲಿಲ್ಲ ಅಂದರೆ ಅದು ಉಳಿತಾಯ ಅಲ್ಲ. ಕೇರಳದವರ ಕೆಲಸ ದೊಡ್ಡದು, ಅದರ ಬಗ್ಗೆ ತಕರಾರಿಲ್ಲ. ತಕರಾರು ಅಂಕಿಯ ಬಗ್ಗೆ ಮಾತ್ರ.

ಆಮೇಲೆ, ಜರ್ಮನಿಯ ಮ್ಯೂನಿಕ್ ನಗರದ ಹೆಸರನ್ನು ಇಲ್ಲಿ ಯಾರೂ ಎತ್ತುವುದಿಲ್ಲ, ಅಲ್ವಾ? 2003ರಲ್ಲಿ ತೀರ್ಮಾನ ಮಾಡಿದರು. 2013ರ ಹೊತ್ತಿಗೆ ಹೆಚ್ಚುಕಡಿಮೆ 15,000 ಕಂಪ್ಯೂಟರ್ ಲಿನಕ್ಸ್‌ಗೆ ಬಂದವು. 2017ರಲ್ಲಿ ಅದೇ ನಗರಸಭೆ ವಿಂಡೋಸ್‌ಗೆ ವಾಪಸ್ ಹೋಗೋಣ ಅಂತ ಮತ ಹಾಕಿತು. ಜರ್ಮನಿಯದೇ ಫ್ರೈಬುರ್ಗ್ ನಗರ 2012ರಲ್ಲೇ ಓಪನ್‌ಆಫೀಸ್ ಬಿಟ್ಟು ವಾಪಸ್ ಹೋಗಲು ತೀರ್ಮಾನಿಸಿತ್ತು. ಎರಡೆರಡು ಸಲ ಮನೆ ಬದಲಾಯಿಸಿದ ಖರ್ಚು ಯಾರ ಖಾತೆಗೆ?

ಟರ್ಮಿನಲ್ ತಿಮ್ಮ

ಮ್ಯೂನಿಕ್ ಕಥೆ ಎಲ್ಲರಿಗೂ ಗೊತ್ತು ಬಿಡಿ. ಮೈಕ್ರೋಸಾಫ್ಟ್ ತನ್ನ ಜರ್ಮನಿ ಮುಖ್ಯ ಕಚೇರಿಯನ್ನು ಮ್ಯೂನಿಕ್ ಒಳಗೇ ತಂದಿತು. ಮರುವರ್ಷವೇ ಮತ. ಇನ್ನೇನು ಹೇಳಬೇಕು?

ಸರ್ವರ್ ಸಾವಿತ್ರಿ

ತಿಮ್ಮ ಅವರೇ, ಕಚೇರಿ 2016ರಲ್ಲಿ ಬಂದದ್ದು ನಿಜ. ಅದಕ್ಕೇ ಮತ ಬಿತ್ತು ಅನ್ನುವುದು ಊಹೆ. ಟಿಪ್ಪಣಿಯಲ್ಲಿ ಊಹೆ ಬರೆದರೆ ಇವರ ಕೆಲಸ ಕೆಡುತ್ತದೆ.

ಮ್ಯೂನಿಕ್‌ನಿಂದ ಕಲಿಯುವುದು ಬೇರೆಯೇ ಇದೆ. ಆ ನಗರಾಡಳಿತದಲ್ಲಿ ವಿಭಾಗಕ್ಕೊಂದು ಐಟಿ ತಂಡ ಇತ್ತು. ಒಬ್ಬೊಬ್ಬರದು ಒಂದೊಂದು ಪದ್ಧತಿ. ಸಾವಿರಾರು ಟೆಂಪ್ಲೇಟುಗಳು, ಮ್ಯಾಕ್ರೋಗಳು (ಕಡತದೊಳಗೆ ಓಡುವ ಪುಟ್ಟ ಪ್ರೋಗ್ರಾಂಗಳು). ಯಾರು ಬರೆದದ್ದು ಅಂತ ಯಾರಿಗೂ ನೆನಪಿಲ್ಲದವು. ಅದನ್ನೆಲ್ಲ ಸರಿಮಾಡಲು ವೊಲ್‌ಮಕ್ಸ್ ಅನ್ನುವ ಉಪಕರಣವನ್ನೇ ಬರೆದುಕೊಂಡರು. ಹತ್ತು ವರ್ಷದ ಹೆಚ್ಚಿನ ಶ್ರಮ ಹೋದದ್ದು ಲಿನಕ್ಸ್ ಹಾಕುವುದಕ್ಕಲ್ಲ, ಹಳೆಯ ಕಗ್ಗಂಟು ಬಿಡಿಸುವುದಕ್ಕೆ. ಆ ಕಗ್ಗಂಟು ವಿಂಡೋಸ್‌ನಲ್ಲೇ ಉಳಿದಿದ್ದರೂ ಒಂದು ದಿನ ಬಿಡಿಸಲೇಬೇಕಿತ್ತು.

ಇಷ್ಟಾದರೂ ಒಂದು ಕೋಟಿ ಯೂರೋಗೂ ಜಾಸ್ತಿ ಉಳಿದಿದೆ ಅಂತ ನಗರಾಡಳಿತವೇ 2012ರಲ್ಲಿ ಹೇಳಿತ್ತು. (ಯಾವುದಕ್ಕೆ ಹೋಲಿಸಿ ಅಂತ ಲೆಕ್ಕದವರು ಕೇಳುತ್ತಾರೆ, ಕೇಳಲಿ.) 2020ರಲ್ಲಿ ಆಡಳಿತ ಬದಲಾದಾಗ ಸಾಧ್ಯವಾದ ಕಡೆ ಓಪನ್ ಸೋರ್ಸೇ ಬಳಸೋಣ ಅಂತ ಹೊಸ ಒಪ್ಪಂದವೂ ಆಯಿತು. ಸೋಲು, ಗೆಲುವು ಅಂತ ಒಂದೇ ಪದದಲ್ಲಿ ಮುಗಿಸಲು ಆಗುವ ಕಥೆ ಅಲ್ಲ ಅದು.

ಇನ್ನೊಂದು ಸಂಗತಿ. 2003ರಲ್ಲಿ ತೀರ್ಮಾನ ಆಗುವ ಮೊದಲು ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಮರ್ ಖುದ್ದಾಗಿ ಬಂದು ಮೇಯರ್ ಕ್ರಿಸ್ಟಿಯಾನ್ ಊಡೆ ಅವರನ್ನು ಕಂಡರು. ಬೆಲೆಯಲ್ಲಿ ರಿಯಾಯಿತಿಯೂ ಬಂತು. ಬಿಟ್ಟು ಹೋಗಬಲ್ಲ ಗಿರಾಕಿಗೆ ಸಿಗುವ ಮರ್ಯಾದೆಯೇ ಬೇರೆ.

ಮೂಗು ತೂರಿಸುವವ

ಹಾಗಾದರೆ ಲಿನಕ್ಸ್ ಹಾಕುವುದೇ ಬೇಡ. ಹಾಕುತ್ತೇವೆ ಅಂತ ಪತ್ರಿಕೆಗೆ ಹೇಳಿದರೆ ಸಾಕು.

ಸರ್ವರ್ ಸಾವಿತ್ರಿ

ನಗಬೇಡಿ, ಆ ತಂತ್ರ ಮಾಡಿದವರೂ ಇದ್ದಾರೆ. ಆದರೆ ಎರಡನೇ ಸಲ ನಡೆಯುವುದಿಲ್ಲ.

ಹಳೇ ಪಾಸ್‌ವರ್ಡ್

ನನ್ನ ಅನುಭವ ಹೇಳುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ದಾಖಲೆ ಇಡಲು ಒಂದು ಸಣ್ಣ ಕಂಪನಿಯ ಸಾಫ್ಟ್‌ವೇರ್ ಇತ್ತು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಹನ್ನೊಂದು ವರ್ಷ ನಡೆಯಿತು. ಒಂದು ದಿನ ಕಂಪನಿ ಬಾಗಿಲು ಹಾಕಿತು. ನಮ್ಮ ಡೇಟಾ ಅವರದೇ ರೂಪದಲ್ಲಿ, ಅವರದೇ ಪಾಸ್‌ವರ್ಡ್ ಹಿಂದೆ ಇತ್ತು. ಫೋನ್ ಮಾಡಿದರೆ ಎತ್ತುವವರಿಲ್ಲ. ಕಾಂಟ್ರಾಕ್ಟ್ ತೆಗೆದು ನೋಡಿದೆವು. "ಸಾಫ್ಟ್‌ವೇರ್ ಒದಗಿಸುವುದು" ಅಂತ ಇತ್ತು. ಡೇಟಾ ವಾಪಸ್ ಕೊಡುವುದು ಅಂತ ಎಲ್ಲೂ ಇರಲಿಲ್ಲ.

ಕೊನೆಗೆ ಏನು ಮಾಡಿದೆವು ಗೊತ್ತಾ? ಪರದೆಯ ಮೇಲೆ ಒಂದೊಂದೇ ದಾಖಲೆ ತೆರೆದು, ಪ್ರಿಂಟ್ ತೆಗೆದು, ಪ್ರಿಂಟ್ ನೋಡಿಕೊಂಡು ಹೊಸದರಲ್ಲಿ ಟೈಪ್ ಮಾಡಿಸಿದೆವು. ಏಳು ತಿಂಗಳು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕಾಗದದ ಮೂಲಕ. ಆ ಖರ್ಚನ್ನು "ಇತರೆ" ಅನ್ನುವ ತಲೆಬರಹದಡಿ ಹಾಕಿದರು.

ಟರ್ಮಿನಲ್ ತಿಮ್ಮ

"ಇತರೆ" 😄

ಲೆಕ್ಕ ಪಕ್ಕಾ

ಹಳೇ ಪಾಸ್‌ವರ್ಡ್ ಅವರು ಹೇಳಿದ್ದನ್ನು ಓದಿ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ನಾವು ಲೆಕ್ಕದವರು ಮಾಡುವ ತಪ್ಪು ಇಲ್ಲೇ ಇದೆ. ಹೊಸ ವ್ಯವಸ್ಥೆಗೆ ಹೋಗುವಾಗ ಹಳೆಯದರಿಂದ ಡೇಟಾ ಬಿಡಿಸಿಕೊಳ್ಳುವ ಖರ್ಚು, ಟೆಂಪ್ಲೇಟು ತಿದ್ದುವ ಖರ್ಚು, ಎಲ್ಲವನ್ನೂ ಹೊಸದರ ಖಾತೆಗೆ ಬರೆಯುತ್ತೇವೆ. ಆಗ ಓಪನ್ ಸೋರ್ಸ್ ದುಬಾರಿಯಾಗಿ ಕಾಣುತ್ತದೆ. ನಿಜವಾಗಿ ಅದು ಹಳೆಯ ಸಾಫ್ಟ್‌ವೇರಿನ ಖರ್ಚು. ಕೊಳ್ಳುವ ದಿನ ಬರೆಯದೆ ಬಿಟ್ಟದ್ದು.

ಬ್ರಿಟನ್ ಸರ್ಕಾರ 2012ರಲ್ಲಿ ತನ್ನ ಮುಕ್ತ ಮಾನಕಗಳ (ಒಂದೇ ಕಂಪನಿಯ ಹಿಡಿತದಲ್ಲಿಲ್ಲದ ಕಡತ ರೂಪ, ಪದ್ಧತಿಗಳ) ನಿಯಮದಲ್ಲಿ ಇದನ್ನೇ ಹೇಳಿತ್ತು. ಯಾವ ಸಾಫ್ಟ್‌ವೇರ್ ತಂದರೂ ಅದರಿಂದ ಹೊರಬರಲು ಎಷ್ಟು ಖರ್ಚಾಗುತ್ತದೆ ಅಂತ ಶುರುವಿನಲ್ಲೇ ಅಂದಾಜು ಮಾಡಬೇಕು. ಮಜಾ ಅಂದರೆ, ಎರಡೇ ವರ್ಷಕ್ಕೆ ಅದೇ ಸರ್ಕಾರಕ್ಕೆ ಪೆಟ್ಟು ಬಿತ್ತು. 2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತಿತು. ಕಚೇರಿಗಳು ಇನ್ನೂ ಅದರಲ್ಲೇ ಇದ್ದವು. ಇನ್ನೊಂದು ವರ್ಷ ಮಾತ್ರ ರಿಪೇರಿ ಕೊಡಿ ಅಂತ ಕೇಳಿ 55 ಲಕ್ಷ ಪೌಂಡ್ ಕಟ್ಟಿದರು. ಹೊಸದೇನೂ ಸಿಗಲಿಲ್ಲ. ಹಳೆಯದು ಸೋರದಂತೆ ನೋಡಿಕೊಳ್ಳಲು ಅಷ್ಟು.

ಫೈಲ್ ಹೊತ್ತವ

ಲೆಕ್ಕ ಪಕ್ಕಾ ಸರ್, ಈ "ಹೊರಬರುವ ಖರ್ಚು" ನಮ್ಮ ಹಣಕಾಸಿನವರಿಗೆ ಅರ್ಥವಾಗುವ ಭಾಷೆ. ಆದರೆ ಓಪನ್ ಸೋರ್ಸ್‌ನಿಂದ ಹೊರಬರಲೂ ಖರ್ಚಾಗುತ್ತದಲ್ಲವಾ?

ಲೆಕ್ಕ ಪಕ್ಕಾ

ಆಗುತ್ತದೆ. ವ್ಯತ್ಯಾಸ ಏನೆಂದರೆ, ಅಲ್ಲಿ ಒಬ್ಬ ಗುತ್ತಿಗೆದಾರ ಕೈಕೊಟ್ಟರೆ ಅದೇ ಕೋಡ್ ಇಟ್ಟುಕೊಂಡು ಇನ್ನೊಬ್ಬರನ್ನು ಕರೆಯಬಹುದು. ಕಾನೂನಿನ ಅಡ್ಡಿ ಇಲ್ಲ. ಕರೆಯಲು ಜನ ಸಿಗುತ್ತಾರಾ ಅನ್ನುವುದು ಬೇರೆ ಪ್ರಶ್ನೆ, ಅದನ್ನೂ ಟಿಪ್ಪಣಿಯಲ್ಲಿ ಬರೆಯಿರಿ.

ಅರ್ಧ ವಿರಾಮ

ಎಲ್ಲರೂ ದುಡ್ಡಿನಲ್ಲೇ ಮುಳುಗಿದ್ದೀರಿ. ಕೇಳಿದ್ದು ದುಡ್ಡು ಬಿಟ್ಟು ಅಂತ.

2002ರಲ್ಲಿ ಪೆರು ದೇಶದ ಸಂಸದ ಎಡ್ಗರ್ ವಿಯಾನ್ವೇವಾ ಸರ್ಕಾರಿ ಕಚೇರಿಗಳಲ್ಲಿ ಮುಕ್ತ ತಂತ್ರಾಂಶ (ಓಪನ್ ಸೋರ್ಸ್ ಥರದ್ದೇ) ಬಳಸಬೇಕು ಅನ್ನುವ ಮಸೂದೆಯ ಪರ ನಿಂತಿದ್ದರು. ಮೈಕ್ರೋಸಾಫ್ಟ್‌ನ ಪೆರು ಮುಖ್ಯಸ್ಥರು ಆಕ್ಷೇಪದ ಪತ್ರ ಬರೆದರು. ಅದಕ್ಕೆ ಅವರು ಕೊಟ್ಟ ಉತ್ತರ ಪತ್ರ ಆ ಕಾಲಕ್ಕೆ ಜಗತ್ತೆಲ್ಲ ಸುತ್ತಿತು. ಅದರಲ್ಲಿ ದುಡ್ಡಿನ ಮಾತು ಮೊದಲು ಬರುವುದೇ ಇಲ್ಲ. ಸರ್ಕಾರದ ಮಾಹಿತಿ ನಾಗರಿಕರಿಗೆ ತಡೆಯಿಲ್ಲದೆ ಸಿಗಬೇಕು, ಸಾರ್ವಜನಿಕ ದಾಖಲೆ ಕಾಲ ಕಳೆದರೂ ಓದಲು ಬರಬೇಕು, ದೇಶದ ಮತ್ತು ಜನರ ಭದ್ರತೆ ಹೊರಗಿನವರ ಕೈಯಲ್ಲಿರಬಾರದು. ಅವರ ವಾದ ನಿಂತಿದ್ದು ಈ ಮೂರರ ಮೇಲೆ.

ನಾನು ಕಾನೂನು ಕಡೆಯವಳು. ನನಗೆ ಬಹಳ ಕಾಡಿದ್ದು ಬ್ರಿಟನ್‌ನ ಅಂಚೆ ಕಚೇರಿ ಪ್ರಕರಣ. ಫುಜಿತ್ಸು ಕಂಪನಿಯ ಹೊರೈಜನ್ ಅನ್ನುವ ಲೆಕ್ಕದ ಸಾಫ್ಟ್‌ವೇರ್. ಅಂಚೆ ಶಾಖೆ ನಡೆಸುವವರ ಲೆಕ್ಕದಲ್ಲಿ ಹಣ ಕಡಿಮೆ ಇದೆ ಅಂತ ಅದು ತೋರಿಸಿತು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಕೆಲವರು ಜೈಲಿಗೂ ಹೋದರು. ಮನೆ ಮಾರಿ ಆ "ಕಡಿಮೆ ಬಿದ್ದ" ಹಣ ತುಂಬಿದವರಿದ್ದಾರೆ. ಸಾಫ್ಟ್‌ವೇರಿನಲ್ಲೇ ದೋಷಗಳಿದ್ದವು ಅಂತ ನ್ಯಾಯಾಲಯ ಹೇಳಿದ್ದು 2019ರಲ್ಲಿ. ಶಿಕ್ಷೆಗಳನ್ನು ಒಟ್ಟಿಗೆ ರದ್ದು ಮಾಡುವ ಕಾಯ್ದೆ ಬಂದದ್ದು 2024ರಲ್ಲಿ.

ಆರೋಪಿಯ ಕಡೆಯವರು "ಆ ಪ್ರೋಗ್ರಾಂ ತೋರಿಸಿ" ಅಂತ ಹೇಗೆ ಕೇಳಬೇಕು? ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು ಅಂತ ಆ ದೇಶದ ನ್ಯಾಯಾಲಯ ಮೊದಲೇ ಭಾವಿಸಿಕೊಳ್ಳುತ್ತದೆ. ತಪ್ಪಿದೆ ಅಂತ ತೋರಿಸುವ ಭಾರ ಒಳಗೇ ನೋಡಲಾಗದವನ ಮೇಲೆ. ನನ್ನ ಪಿಂಚಣಿ, ನನ್ನ ತೆರಿಗೆ, ನನ್ನ ಹೆಸರು ಮತಪಟ್ಟಿಯಲ್ಲಿದೆಯೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವ ಪ್ರೋಗ್ರಾಂ ಒಂದು ರೀತಿಯಲ್ಲಿ ನಿಯಮವೇ. ನಿಯಮವನ್ನು ಗುಟ್ಟಾಗಿ ಇಡುವುದು ಹೇಗೆ ಸರಿ?

ಬಗ್ ಹುಡುಕ

ಅರ್ಧ ವಿರಾಮ ಅವರ ಕೊನೆಯ ಸಾಲು ಒಪ್ಪಿದೆ. ಆದರೆ ಹೊರೈಜನ್ ಕೋಡ್ ಬಯಲಲ್ಲಿದ್ದರೆ ಆ 900 ಜನ ಬಚಾವಾಗುತ್ತಿದ್ದರು ಅಂತ ಅಂದುಕೊಳ್ಳಬೇಡಿ. ಅಲ್ಲಿ ದೋಷಗಳ ಪಟ್ಟಿ ಒಳಗಿನವರಿಗೆ ಗೊತ್ತಿತ್ತು. ದೂರದಿಂದಲೇ ಶಾಖೆಯ ಲೆಕ್ಕ ತಿದ್ದಬಹುದು ಅನ್ನುವುದೂ ಗೊತ್ತಿತ್ತು. ಬಚ್ಚಿಟ್ಟದ್ದು ಮನುಷ್ಯರು.

ಆಮೇಲೆ "ಕೋಡ್ ಎಲ್ಲರಿಗೂ ಕಾಣುತ್ತದೆ, ಅದಕ್ಕೇ ಭದ್ರ" ಅನ್ನುವುದು ಅರ್ಧ ಸತ್ಯ. ಕಾಣುವುದು ಬೇರೆ, ಯಾರಾದರೂ ನೋಡುವುದು ಬೇರೆ. 2014ರ ಹಾರ್ಟ್‌ಬ್ಲೀಡ್ ಅನ್ನುವ ದೋಷ ನೆನಪಿದೆಯಾ? ಇಂಟರ್‌ನೆಟ್ಟಿನ ಬಹುಪಾಲು ಬೀಗಗಳು ನಿಂತಿದ್ದ ಓಪನ್‌ಎಸ್‌ಎಸ್‌ಎಲ್ ಅನ್ನುವ ಓಪನ್ ಸೋರ್ಸ್ ಲೈಬ್ರರಿಗೆ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಆಗ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್. ಎರಡು ವರ್ಷ ಆ ತೂತು ಎಲ್ಲರ ಕಣ್ಣೆದುರೇ ಇತ್ತು. 2021ರಲ್ಲಿ ಲಾಗ್‌ಫೋರ್‌ಜೆ ಅನ್ನುವ ಇನ್ನೊಂದು ಓಪನ್ ಸೋರ್ಸ್ ಲೈಬ್ರರಿಯ ತೂತು, ಅದೂ ಹಾಗೇ.

ಸರ್ಕಾರಗಳು ಪುಕ್ಕಟೆ ಅಂತ ತಗೊಂಡು, ಅದನ್ನು ನೋಡಿಕೊಳ್ಳುವವರಿಗೆ ಬಿಡಿಗಾಸೂ ಕೊಡದಿದ್ದರೆ ಇದೇ ಗತಿ.

ಟರ್ಮಿನಲ್ ತಿಮ್ಮ

ಮುಚ್ಚಿದ ಸಾಫ್ಟ್‌ವೇರಿನಲ್ಲಿ ತೂತು ಇಲ್ಲವಾ? 2017ರ ವನ್ನಾಕ್ರೈ ದಾಳಿ ಯಾವುದರಲ್ಲಿ ಬಂತು, ವಿಂಡೋಸ್‌ನಲ್ಲಲ್ಲವಾ? ಬ್ರಿಟನ್‌ನ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆ ಮುಂದೂಡಿದವು.

ಬಗ್ ಹುಡುಕ

ಬಂತು. ಆದರೆ ರಿಪೇರಿ ಎರಡು ತಿಂಗಳ ಮೊದಲೇ ಬಿಡುಗಡೆಯಾಗಿತ್ತು. ಹಾಕಿಕೊಳ್ಳದೆ ಕೂತವರು ಇವರು. ಹಾಗಾಗಿ ಅದು ನಿಮ್ಮ ವಾದಕ್ಕೂ ಬರುವುದಿಲ್ಲ, ನನ್ನ ವಾದಕ್ಕೂ ಬರುವುದಿಲ್ಲ.

ಸರ್ವರ್ ಸಾವಿತ್ರಿ

2024ರ ಎಕ್ಸ್‌ಝಡ್ ಕಥೆ ಬಿಟ್ಟಿರಲ್ಲ. ಯಾರೋ ಎರಡು ವರ್ಷ ನಂಬಿಕೆ ಗಳಿಸಿ, ಆ ಹೆಸರಿನ ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿಯೊಳಗೆ ಕಳ್ಳದಾರಿ ಸೇರಿಸಿದ್ದರು. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರ್ ಅದನ್ನು ಹಿಡಿದರು. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ ಅಂತ ಅನುಮಾನ ಬಂದು ಕೆದಕಿದರು. ಇದನ್ನು ಎರಡೂ ಕಡೆಗೆ ಓದಬಹುದು. ಒಬ್ಬ ದಣಿದ ನಿರ್ವಾಹಕನ ಮೇಲೆ ಇಷ್ಟೆಲ್ಲ ನಿಂತಿತ್ತಲ್ಲ ಅನ್ನುವುದು ಒಂದು. ಅನುಮಾನ ಬಂದವನಿಗೆ ಯಾರ ಅನುಮತಿಯೂ ಬೇಡವಾಗಿತ್ತು ಅನ್ನುವುದು ಇನ್ನೊಂದು.

ಜರ್ಮನಿ 2022ರಲ್ಲಿ ಸಾವರಿನ್ ಟೆಕ್ ಫಂಡ್ ಅಂತ ಶುರು ಮಾಡಿತು. ಇಂಥ ತಳಪಾಯದ ಸಾಫ್ಟ್‌ವೇರುಗಳಿಗೆ ಸರ್ಕಾರವೇ ದುಡ್ಡು ಕೊಡುವುದು. ರಸ್ತೆ, ಸೇತುವೆ ಥರ. ಬಗ್ ಹುಡುಕ ಅವರ ತಕರಾರಿಗೆ ನನಗೆ ಗೊತ್ತಿರುವ ಸರಿಯಾದ ಉತ್ತರ ಅದೇ.

ಕೀಲಿಮಣೆ

ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ಭಾಷೆಯ ಬಗ್ಗೆ ಯಾರೂ ಮಾತಾಡಲಿಲ್ಲ.

1998ರಲ್ಲಿ ಐಸ್‌ಲ್ಯಾಂಡ್‌ನವರು ವಿಂಡೋಸ್ ತಮ್ಮ ಭಾಷೆಯಲ್ಲಿ ಬೇಕು ಅಂತ ಕೇಳಿದರು. ಅಷ್ಟು ಸಣ್ಣ ಮಾರುಕಟ್ಟೆಗೆ ಮಾಡಲಾಗದು ಅನ್ನುವ ಉತ್ತರ ಮೊದಲು ಬಂತು. ಅನುವಾದ ನಾವೇ ಮಾಡಿಕೊಳ್ಳುತ್ತೇವೆ ಅನ್ನಲೂ ದಾರಿ ಇರಲಿಲ್ಲ, ಕೋಡ್ ಅವರ ಬಳಿ ಇಲ್ಲವಲ್ಲ. ಆದರೆ ಭೂತಾನ್ 2006ರಲ್ಲಿ ಡೆಬಿಯನ್ ಅನ್ನುವ ಲಿನಕ್ಸ್ ತಗೊಂಡು ತನ್ನ ಜೊಂಖಾ ಭಾಷೆಯ ಲಿನಕ್ಸ್ ಮಾಡಿತು. ಯಾರನ್ನೂ ಕೇಳಲಿಲ್ಲ. ಚಿಕ್ಕ ಭಾಷೆಯವರಿಗೆ ಇದು ದುಡ್ಡಿನ ಮಾತಲ್ಲ. ನಾಗರಿಕ ತನ್ನ ಭಾಷೆಯಲ್ಲಿ ಅರ್ಜಿ ತುಂಬಬಹುದೋ ಇಲ್ಲವೋ ಅನ್ನುವ ಮಾತು.

ಮತ್ತೆ ನಮ್ಮ ಹಳೆಯ ಕಡತಗಳು. ಯೂನಿಕೋಡ್ (ಎಲ್ಲ ಫಾಂಟಿಗೂ ಒಂದೇ ಅಕ್ಷರ ಸಂಕೇತ) ಬರುವ ಮುಂಚೆ ಒಂದೊಂದು ಫಾಂಟಿಗೆ ಒಂದೊಂದು ಸಂಕೇತ. ಆಗ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದೆ ತೆರೆದರೆ ಅಕ್ಷರದ ಬದಲು ಚಿತ್ತಾರ. ಇಪ್ಪತ್ತು ವರ್ಷದ ಹಿಂದಿನ ಆದೇಶ ಓದಲು ಬರುವುದಿಲ್ಲ, ಇನ್ನೂರು ವರ್ಷದ ಹಿಂದಿನ ಕಾಗದ ಓದಲು ಬರುತ್ತದೆ!

ಮೂಗು ತೂರಿಸುವವ

ಚಿತ್ತಾರ ಆದರೂ ಚಂದ ಇರುತ್ತಿತ್ತು. ಈಗಿನ ಫಾಂಟುಗಳಲ್ಲಿ ಒತ್ತಕ್ಷರ ನೋಡಿದ್ದೀರಾ, ಕೆಳಗಿನ ಸಾಲಿನವರ ತಲೆ ತುಳಿಯುತ್ತವೆ.

ಟರ್ಮಿನಲ್ ತಿಮ್ಮ

ಅದು ಫಾಂಟಿನ ತಪ್ಪಲ್ಲ, ಸಾಲಿನ ಅಂತರ ಸರಿ ಇಟ್ಟುಕೊಂಡಿಲ್ಲ ನೀವು.

ಕೀಲಿಮಣೆ

ಇಲ್ಲ ಇಲ್ಲ, ಕೆಲವು ಫಾಂಟುಗಳಲ್ಲಿ ಅರ್ಕಾವತ್ತು ಕೂಡ

ಮಾಡರೇಟರ್

ಫಾಂಟ್ ಜಗಳಕ್ಕೆ ಬೇರೆ ಎಳೆ ಇದೆ, ಮೂರು ವರ್ಷದಿಂದ ನಡೆಯುತ್ತಿದೆ, ಅಲ್ಲಿಗೆ ಬನ್ನಿ. ಇಲ್ಲಿ ಟಿಪ್ಪಣಿಯ ವಿಷಯ ಮಾತ್ರ.

ಅರ್ಧ ವಿರಾಮ

ಕೀಲಿಮಣೆ ಮೇಡಂ ಹೇಳಿದ್ದು ವಿಷಯದಿಂದ ಹೊರಗಿಲ್ಲ ಸ್ವಾಮಿ. ಪೆರು ಪತ್ರದಲ್ಲಿದ್ದ "ಕಾಲ ಕಳೆದರೂ ಓದಲು ಬರಬೇಕು" ಅನ್ನುವುದು ಇದೇ ಅಲ್ವಾ?

ಸರ್ವರ್ ಸಾವಿತ್ರಿ

ಹೌದು. ಅದಕ್ಕೇ ಕಡತದ ರೂಪ ಸಾಫ್ಟ್‌ವೇರಿಗಿಂತ ಮುಖ್ಯ. ಓಡಿಎಫ್ ಅನ್ನುವ ಮುಕ್ತ ಕಡತ ರೂಪ 2006ರಲ್ಲೇ ಅಂತರರಾಷ್ಟ್ರೀಯ ಮಾನಕ ಆಯಿತು. ಬ್ರಿಟನ್ 2014ರಲ್ಲಿ ಸರ್ಕಾರಿ ಕಚೇರಿಗಳು ತಿದ್ದಬಹುದಾದ ಕಡತ ಹಂಚಿಕೊಳ್ಳಲು ಅದನ್ನೇ ಬಳಸಬೇಕು ಅಂದಿತು. ನಾಗರಿಕ ಒಂದು ಅರ್ಜಿ ನಮೂನೆ ತೆರೆಯಲು ಇಂಥ ಕಂಪನಿಯ ಸಾಮಾನನ್ನೇ ಕೊಳ್ಳಬೇಕು ಅಂತ ಸರ್ಕಾರ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಆ ಕಂಪನಿಯ ರೂಪದಲ್ಲೇ ನಮೂನೆ ಹಾಕಿದರೆ ಹೇಳಿದಂತೆಯೇ ಆಯಿತು.

ಹಳೇ ಪಾಸ್‌ವರ್ಡ್

ಒಂದೇ ಸಾಫ್ಟ್‌ವೇರನ್ನು ಹತ್ತು ಇಲಾಖೆಯವರು ಹತ್ತು ಸಲ ಬರೆಸುವುದರ ಬಗ್ಗೆಯೂ ಹೇಳಿ ಯಾರಾದರೂ. ಹಾಜರಾತಿ ಸಾಫ್ಟ್‌ವೇರ್ ಒಂದನ್ನೇ ನಾನು ನಾಲ್ಕು ಕಡೆ ನಾಲ್ಕು ಥರ ನೋಡಿದ್ದೇನೆ. ನಾಲ್ಕರಲ್ಲೂ ಫೆಬ್ರವರಿ 29ಕ್ಕೆ ತೊಂದರೆ.

ಸರ್ವರ್ ಸಾವಿತ್ರಿ

ಅದಕ್ಕೆ ಒಳ್ಳೆಯ ಉದಾಹರಣೆಗಳಿವೆ. ಎಸ್ಟೋನಿಯಾ ತನ್ನ ಇಲಾಖೆಗಳ ನಡುವೆ ಡೇಟಾ ಸಾಗಿಸುವ ಎಕ್ಸ್‌ರೋಡ್ ಕೋಡನ್ನು 2016ರಲ್ಲಿ ಬಯಲಿಗಿಟ್ಟಿತು. ಈಗ ಅದನ್ನು ಫಿನ್‌ಲ್ಯಾಂಡ್ ಜೊತೆ ಸೇರಿ ನೋಡಿಕೊಳ್ಳುತ್ತದೆ. ಆರೋಗ್ಯ ಅಂಕಿಅಂಶಕ್ಕೆ ಬಳಸುವ ಡಿಎಚ್‌ಐಎಸ್2 ಓಸ್ಲೋ ವಿಶ್ವವಿದ್ಯಾಲಯದ್ದು, ಹತ್ತಾರು ದೇಶಗಳ ಆರೋಗ್ಯ ಇಲಾಖೆಗಳಲ್ಲಿ ಓಡುತ್ತಿದೆ. ಗುರುತಿನ ಚೀಟಿ ವ್ಯವಸ್ಥೆಗೆ ಮೊಸಿಪ್ ಇದೆ. ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಶುರುವಾದದ್ದು, ಫಿಲಿಪ್ಪೀನ್ಸ್‌ನಂಥ ದೇಶಗಳು ಬಳಸಿವೆ. ಬರೆಯುವ ಖರ್ಚು ಒಮ್ಮೆ. ಬಲ್ಗೇರಿಯಾ 2016ರಲ್ಲಿ ಕಾಯ್ದೆಯನ್ನೇ ತಿದ್ದಿ, ಸರ್ಕಾರಕ್ಕಾಗಿ ಬರೆಸಿದ ಸಾಫ್ಟ್‌ವೇರ್ ಓಪನ್ ಸೋರ್ಸ್ ಆಗಿರಬೇಕು ಅಂದಿತು. ಅದೇ ವರ್ಷ ಅಮೆರಿಕ ತನ್ನ ಇಲಾಖೆಗಳು ಬರೆಸುವ ಹೊಸ ಕೋಡಿನಲ್ಲಿ ಕನಿಷ್ಠ ಶೇ 20 ಭಾಗ ಬಯಲಿಗೆ ಬರಲಿ ಅಂತ ಮೂರು ವರ್ಷದ ಪ್ರಯೋಗ ಮಾಡಿತು.

ಜನರ ದುಡ್ಡಿನಲ್ಲಿ ಬರೆಸಿದ್ದು ಜನರದ್ದೇ ಆಗಬೇಕು. ಇದಕ್ಕೆ ದೊಡ್ಡ ಸಿದ್ಧಾಂತ ಬೇಕಿಲ್ಲ.

ಟರ್ಮಿನಲ್ ತಿಮ್ಮ

ಉದ್ಯೋಗದ ಲೆಕ್ಕವನ್ನೂ ಸೇರಿಸಿ ಸರ್. ಲೈಸೆನ್ಸ್ ಹಣ ಹೊರಗೆ ಹೋಗುತ್ತದೆ, ಸಂಬಳ ಇಲ್ಲೇ ಉಳಿಯುತ್ತದೆ. ಫ್ರಾನ್ಸ್ 2012ರಲ್ಲಿ ಸರ್ಕಾರಿ ಕಚೇರಿಗಳು ಓಪನ್ ಸೋರ್ಸ್‌ಗೆ ಆದ್ಯತೆ ಕೊಡಲಿ ಅಂತ ಸುತ್ತೋಲೆ ಹೊರಡಿಸಿತು. ಹಾರ್ವರ್ಡ್‌ನ ಫ್ರಾಂಕ್ ನೇಗಲ್ ಅದರ ಪರಿಣಾಮ ಅಳೆದರು. ಐಟಿ ಸ್ಟಾರ್ಟಪ್‌ಗಳ ಸಂಖ್ಯೆ ವರ್ಷಕ್ಕೆ ಶೇ 9ರಿಂದ 18 ಹೆಚ್ಚಿತು ಅಂತ ಕಂಡಿತು. ಯುರೋಪಿಯನ್ ಕಮಿಷನ್‌ನ 2021ರ ಅಧ್ಯಯನ ಇನ್ನೂ ಜೋರು. ಅಲ್ಲಿನ ಕಂಪನಿಗಳು 2018ರಲ್ಲಿ ಓಪನ್ ಸೋರ್ಸ್‌ಗೆ ಹಾಕಿದ್ದು ಸುಮಾರು 100 ಕೋಟಿ ಯೂರೋ, ಆರ್ಥಿಕತೆಗೆ ಬಂದ ಲಾಭ 6500ರಿಂದ 9500 ಕೋಟಿ!

ಲೆಕ್ಕ ಪಕ್ಕಾ

ತಿಮ್ಮ, ಆ ಎರಡನೇ ಅಂಕಿಯನ್ನು "100 ಹಾಕಿದರೆ 6500 ಬರುತ್ತದೆ" ಅಂತ ಟಿಪ್ಪಣಿಯಲ್ಲಿ ಬರೆಸಬೇಡಿ. ಹಾಗೆ ಬರುವುದಾದರೆ ನಾನು ಇವತ್ತೇ ಕೆಲಸ ಬಿಡುತ್ತೇನೆ. ಜಗತ್ತಿನಲ್ಲಿ ಯಾರೋ ಬರೆದದ್ದನ್ನು ಎಲ್ಲರೂ ಬಳಸುತ್ತಾರೆ, ಲಾಭದಲ್ಲಿ ಅದೂ ಸೇರಿದೆ. ಮೊದಲ ಅಂಕಿ ಚೆನ್ನಾಗಿದೆ. ಅದು ಒಂದು ಸರ್ಕಾರ ಒಂದು ನಿಯಮ ಬದಲಾಯಿಸಿದ್ದಕ್ಕೆ ಏನಾಯಿತು ಅನ್ನುವ ಪ್ರಶ್ನೆಗೆ ಉತ್ತರ. ಅದನ್ನು ಹಾಕಿ.

ಮತ್ತೆ ಹಣಕಾಸಿನವರು ನಕ್ಕ ಆ ಪ್ರಶ್ನೆ ಇದೆಯಲ್ಲ, "ನಡೆಸುವವರೂ ಪುಕ್ಕಟೆ ಬರ್ತಾರಾ" ಅಂತ. ನೇರವಾಗಿ ಹೇಳಿ, ಬರುವುದಿಲ್ಲ. ಲೈಸೆನ್ಸ್‌ನಲ್ಲಿ ಉಳಿದದ್ದರಲ್ಲಿ ದೊಡ್ಡ ಪಾಲು ಜನರಿಗೇ ಹೋಗಬೇಕು, ತರಬೇತಿಗೆ ಹೋಗಬೇಕು. ಉಳಿತಾಯ ಅಂತ ಬಜೆಟ್ ಕತ್ತರಿಸಿದರೆ ಎರಡನೇ ವರ್ಷ ಎಲ್ಲ ಕುಸಿಯುತ್ತದೆ.

ಫೈಲ್ ಹೊತ್ತವ

ತುಂಬಾ ಉಪಕಾರ ಆಯಿತು. ಈಗ ಕೊನೆಯ ಪ್ರಶ್ನೆ. ಎಲ್ಲಿಂದ ಶುರು ಮಾಡಬೇಕು?

ಸರ್ವರ್ ಸಾವಿತ್ರಿ

ಜನರ ಕಣ್ಣಿಗೆ ಬೀಳದ ಜಾಗದಿಂದ. ಡೇಟಾಬೇಸ್ ಮೊದಲು. ಒಳಗಡೆ ಪೋಸ್ಟ್‌ಗ್ರೆಸ್ ಅನ್ನುವ ಓಪನ್ ಸೋರ್ಸ್ ಡೇಟಾಬೇಸ್ ಬಂದರೆ ಗುಮಾಸ್ತರಿಗೆ ಗೊತ್ತೂ ಆಗುವುದಿಲ್ಲ, ನಿಮ್ಮ ಪ್ರೋಗ್ರಾಮರ್‌ಗಳು ಮಾತ್ರ ಆರು ತಿಂಗಳು ನಿಮ್ಮನ್ನು ಬೈಯುತ್ತಾರೆ. ಆಮೇಲೆ ಕಡತದ ರೂಪ. ಡೆಸ್ಕ್‌ಟಾಪ್ ಎಲ್ಲಕ್ಕಿಂತ ಕೊನೆಗೆ. ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ ಸುಮಾರು 30,000 ಕಂಪ್ಯೂಟರ್‌ಗಳನ್ನು ಬದಲಾಯಿಸುವುದಾಗಿ 2024ರಲ್ಲಿ ಹೇಳಿತು. ಮೊದಲು ಲಿಬ್ರೆಆಫೀಸ್ ಅನ್ನುವ ಓಪನ್ ಸೋರ್ಸ್ ಆಫೀಸ್ ಸಾಫ್ಟ್‌ವೇರ್, ಆಮೇಲೆ ಮೇಲ್. 2025ರ ಅಕ್ಟೋಬರ್‌ಗೆ 40,000ಕ್ಕೂ ಹೆಚ್ಚು ಮೇಲ್‌ಬಾಕ್ಸ್‌ಗಳು ಬದಲಾದವು. ನಡುವೆ ಸಿಬ್ಬಂದಿಯಿಂದ ದೂರುಗಳೂ ಬಂದವು, ಅದನ್ನು ಮುಚ್ಚಿಡಬೇಡಿ.

ಹೊಸದಾಗಿ ಬರೆಸುವ ಸಾಫ್ಟ್‌ವೇರಿನ ಟೆಂಡರಿನಲ್ಲಿ ಎರಡು ಸಾಲು ಸೇರಿಸಿ: ಸೋರ್ಸ್ ಕೋಡ್ ಇಲಾಖೆಯದು, ಕಾಂಟ್ರಾಕ್ಟ್ ಮುಗಿದ ದಿನ ಡೇಟಾ ಮುಕ್ತ ರೂಪದಲ್ಲಿ ವಾಪಸ್.

ಅರ್ಧ ವಿರಾಮ

ಭಾರತ ಸರ್ಕಾರದ 2015ರ ನೀತಿಯನ್ನೂ ನೋಡಿ. ಓಪನ್ ಸೋರ್ಸ್ ಕೈಬಿಟ್ಟರೆ ಯಾಕೆ ಬಿಟ್ಟಿರಿ ಅಂತ ಕಾರಣ ಕೊಡಬೇಕು ಅನ್ನುತ್ತದೆ. ನಿಮ್ಮ ಕಡೆ ಅದು ಅನ್ವಯವಾಗಲಿ ಬಿಡಲಿ, ಆ ಸಾಲಿನ ಜಾಣತನ ಗಮನಿಸಿ. ಕಾರಣ ಬರೆಯುವ ಕೆಲಸ ಎದುರು ಕಡೆಯವರಿಗೆ ಬಿತ್ತು. ಕಚೇರಿಯಲ್ಲಿ ಕಾರಣ ಬರೆಯಲು ಯಾರಿಗೂ ಇಷ್ಟವಿಲ್ಲ.

ಹಳೇ ಪಾಸ್‌ವರ್ಡ್

ಡಿಜಿಟಲ್ ಸಹಿಯ ಡಾಂಗಲ್ ಲಿನಕ್ಸ್‌ನಲ್ಲಿ ಓಡುತ್ತದಾ ಅಂತ ಮೊದಲು ನೋಡಿಕೊಳ್ಳಿ. ನಮ್ಮಲ್ಲಿ ಎಲ್ಲ ಸರಿಹೋಗಿ ಕೊನೆಗೆ ನಿಂತದ್ದು ಆ ಒಂದು ಬೆರಳುದ್ದದ ಸಾಮಾನಿನ ಹತ್ತಿರ. ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾತ್ರ ಇತ್ತು.

ಫೈಲ್ ಹೊತ್ತವ (ಎರಡು ವಾರದ ನಂತರ)

ಟಿಪ್ಪಣಿ ಆಯಿತು. ನಾಲ್ಕು ಪುಟ. ಲೈಸೆನ್ಸ್ ಉಳಿತಾಯ ಕೊನೆಯ ಪುಟಕ್ಕೆ ಹೋಯಿತು. ಮೊದಲ ಪುಟದಲ್ಲಿ ಹೊರಬರುವ ಖರ್ಚು ಮತ್ತು ಹಳೇ ಪಾಸ್‌ವರ್ಡ್ ಅವರ ಏಳು ತಿಂಗಳು (ಹೆಸರಿಲ್ಲದೆ). ಡೇಟಾಬೇಸ್ ಮಾತ್ರ ಮೊದಲು ಬದಲಾಯಿಸೋಣ, ಆಫೀಸ್ ಲೈಸೆನ್ಸ್ ಒಂದೇ ವರ್ಷಕ್ಕೆ ನವೀಕರಿಸೋಣ ಅಂತ ಬರೆದಿದ್ದೇನೆ. ಹಣಕಾಸಿನವರು ಈ ಸಲ ನಗಲಿಲ್ಲ. "ಈಗಿನ ಡೇಟಾಬೇಸ್‌ನಿಂದ ಹೊರಬರಲು ಎಷ್ಟಾಗುತ್ತದೆ, ಅಂಕಿ ತನ್ನಿ" ಅಂದರು. ಅದನ್ನೇ ಲೆಕ್ಕ ಹಾಕುತ್ತಾ ಕೂತಿದ್ದೇನೆ.

ಒಂದು ಸಣ್ಣ ತೊಂದರೆ. ಟಿಪ್ಪಣಿಯನ್ನು ಲಿಬ್ರೆಆಫೀಸ್‌ನಲ್ಲೇ ಬರೆದಿದ್ದೆ. ಕಡತ ಏರಿಸುವ ನಮ್ಮ ಪೋರ್ಟಲ್ ಓಡಿಟಿ (ಓಡಿಎಫ್‌ನ ಪಠ್ಯ ಕಡತ) ತಗೊಳ್ಳುವುದಿಲ್ಲ, ಮೈಕ್ರೋಸಾಫ್ಟ್ ವರ್ಡ್‌ನ ಡಾಕ್ಸ್ ಮಾತ್ರ ಅನ್ನುತ್ತಿದೆ.

ಮೂಗು ತೂರಿಸುವವ

ಆ ಎರರ್ ಮೆಸೇಜಿನ ಫೋಟೋ ತೆಗೆದು ಟಿಪ್ಪಣಿಗೆ ಲಗತ್ತಿಸಿ. ಐದನೇ ಪುಟ.

ಫೈಲ್ ಹೊತ್ತವ

ಲಗತ್ತಿಸಿದೆ. ಡಾಕ್ಸ್‌ಗೆ ಬದಲಾಯಿಸಿದ ಮೇಲೆ ಎರಡನೇ ಪುಟದ ಕೋಷ್ಟಕ ಅಡ್ಡಾದಿಡ್ಡಿ ಆಗಿದೆ, ಯಾರಿಗಾದರೂ ಸರಿಮಾಡಲು ಗೊತ್ತಾ?

ಕೀಲಿಮಣೆ

ಕೋಷ್ಟಕದ ಅಗಲ ಶೇಕಡಾದಲ್ಲಿ ಕೊಡಿ, ಸರಿಹೋಗುತ್ತದೆ. ಯಾವ ಫಾಂಟ್ ಹಾಕಿದ್ದೀರಿ?